ಒಂದೇ ಕ್ಯಾಸೆಟ್ಟಿನ ಕುಷ್ಟ

ಹತ್ತು ವರ್ಷದ ಕಾಲ ತೆಕ್ಕಟ್ಟೆಯ ಆಸುಪಾಸಿನಲ್ಲಿ ಮದುವೆಯಿರಲಿ, ಹೊಸ ಮನೆಯ ಒಕ್ಕಲಿರಲಿ, ಉತ್ತರಕ್ರಿಯೆಯಿರಲಿ, ಗದ್ದೆಯಾಚೆಯಿಂದ ಕೊಳಲು ಕೇಳಿಸಿದರೆ ಸಾಕು, "ಕುಷ್ಟನ ಮೈಕ್" ಎನ್ನುತ್ತಿದ್ದರು ಜನ. ಮೈಕ್ ಸೆಟ್ ಇಟ್ಟವರು ಬೇರೆಯವರೂ ಇದ್ದರು. ಅವರ ಹತ್ತಿರ ಸಿನಿಮಾ ಪದಗಳಿದ್ದವು, ಭಜನೆಗಳಿದ್ದವು, ಹಿಂದಿಯೂ ಇತ್ತು. ಕುಷ್ಟನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ಆ ಕಡೆ ಮೂರು, ಈ ಕಡೆ ಮೂರು, ಒಟ್ಟು ಆರು ಕೊಳಲಿನ ಪದ. ಬೆಳಿಗ್ಗೆ ಚಪ್ಪರದಲ್ಲಿ ಶುರುವಾದರೆ ಊಟದ ಎಲೆ ತೆಗೆಯುವವರೆಗೆ ಅದೇ ತಿರುಗುತ್ತಿತ್ತು.

"ಹ್ವಾಯ್ ಕುಷ್ಟಣ್ಣ, ಬೇರೆ ಕ್ಯಾಸೆಟ್ ಇಲ್ಯಾ ನಿಮ್ಮತ್ರ?" ಎಂದು ಯಾರಾದರೂ ಕೇಳಿದರೆ, "ಬೇರೆದ್ ಹಾಕ್ರೆ ಡೆಕ್ ಟೇಪ್ ತಿಂತ್ ಮರಾಯ್ರೆ" ಎನ್ನುತ್ತಿದ್ದ. ಡೆಕ್ ಸರಿಯಾಗಿಯೇ ಇತ್ತು. ಕುಷ್ಟನಿಗೆ ಓದಲು ಬರುತ್ತಿರಲಿಲ್ಲ.

ಶಾಲೆಯ ಮುಖ ಕಾಣದವನಲ್ಲ. ಎರಡು ವರ್ಷ ಹೋಗಿದ್ದ. ಅಕ್ಷರಗಳು ಅವನ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಮಾಸ್ತರರು 'ಪ' ಎಂದು ತೋರಿಸಿದ್ದು ಮರುಗಳಿಗೆಯಲ್ಲಿ 'ವ' ಆಗಿಬಿಡುತ್ತಿತ್ತು. ಜೊತೆಯ ಮಕ್ಕಳು ಪಾಠ ಓದುವಾಗ ಅವನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಬೆತ್ತದ ತುದಿಯಲ್ಲಿ ಅಕ್ಷರ ತೋರಿಸಿ, ತಪ್ಪಿದ ಕೂಡಲೇ ಮಾಸ್ತರರೂ ನಗುತ್ತಿದ್ದರು, ಮಕ್ಕಳೂ ನಗುತ್ತಿದ್ದರು. ಒಂಬತ್ತನೇ ವಯಸ್ಸಿಗೆ ಸೋದರಮಾವ ಮುಂಬಯಿಯ ಹೋಟೆಲಿಗೆ ಕರೆದುಕೊಂಡು ಹೋದಾಗ ಅವನಿಗೆ ಆದದ್ದು ಬಿಡುಗಡೆ. ಅಲ್ಲಿ ಅಂಕೆ ಕಲಿತ. ಹನ್ನೆರಡು ಮೇಜಿಗೆ ಯಾರ್ಯಾರು ಏನೇನು ಹೇಳಿದರೆಂದು ಒಂದು ಚೀಟಿಯೂ ಇಲ್ಲದೆ ನೆನಪಿಡುತ್ತಿದ್ದ. ಒಮ್ಮೆ ಕೇಳಿದ್ದು ಅವನ ತಲೆಯಿಂದ ಹೋಗುತ್ತಿರಲಿಲ್ಲ. ಹಾಗಾಗಿ ಅವನಿಗೆ ಅಕ್ಷರ ಬಾರದೆಂದು ಯಾರಿಗೂ ಸಂಶಯ ಬರಲಿಲ್ಲ. ಗೊತ್ತಿದ್ದದ್ದು ಇಬ್ಬರಿಗೆ, ಮಾವನಿಗೆ ಮತ್ತು ಹೋಟೆಲಿನ ಗಲ್ಲೆಯಲ್ಲಿ ಕೂತು ದುಡ್ಡು ತೆಗೆದುಕೊಳ್ಳುತ್ತಿದ್ದ ರಾಜೀವನಿಗೆ.

ತೊಂಬತ್ತೆರಡರಲ್ಲಿ ಬಾರ್ಕೂರಿನ ಸೀತುವಿನೊಂದಿಗೆ ಮದುವೆಯಾಯಿತು. ಹೆಣ್ಣು ಏಳನೇ ಕ್ಲಾಸು ಪಾಸು. ಹುಡುಗನದು ಎಷ್ಟು ಎಂದು ಕೇಳಿದಾಗ ಮಾವ, "ಅಲ್ಲೇ ರಾತ್ರಿ ಶಾಲೆಯಲ್ಲಿ ಏಳ್ ಆಯ್ತ್" ಎಂದುಬಿಟ್ಟ. ಕುಷ್ಟ ಪಕ್ಕದಲ್ಲಿ ಕೂತು ಚಾ ಕುಡಿಯುತ್ತಿದ್ದ. ಅಲ್ಲ ಎನ್ನಲಿಲ್ಲ. ಮದುವೆಯಾಗಿ ಮತ್ತೆ ಮುಂಬಯಿಗೆ ಹೋದ ಮೇಲೆ ಸೀತು ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ರಾಜೀವ ಓದಿ ಹೇಳುತ್ತಿದ್ದ. ಕುಷ್ಟ ಹೇಳಿದ ಉತ್ತರವನ್ನು ರಾಜೀವನೇ ಬರೆಯುತ್ತಿದ್ದ. ಕೊನೆಗೆ ಕುಷ್ಟ ತನ್ನ ಹೆಸರನ್ನು ಚಿತ್ರ ಬಿಡಿಸಿದಂತೆ ಬಿಡಿಸುತ್ತಿದ್ದ.

ತೊಂಬತ್ತೇಳರಲ್ಲಿ ಹೋಟೆಲಿದ್ದ ಕಟ್ಟಡವನ್ನು ಕೆಡವಿದರು. ಕುಷ್ಟ ಊರಿಗೆ ಬಂದ. ಮಗಳು ಚೇತನಾಳಿಗೆ ಆಗ ನಾಲ್ಕು ವರ್ಷ. ಬಾರ್ಕೂರಿನಲ್ಲಿ ಒಬ್ಬ ಮುದುಕರು ಮೈಕ್ ಸೆಟ್ ಮಾರುತ್ತಾರೆಂದು ತಿಳಿದು ಕೊಂಡುಕೊಂಡ. ಆಂಪ್ಲಿಫೈಯರ್, ಡೆಕ್, ಎರಡು ಹಾರ್ನ್ ಸ್ಪೀಕರ್, ಹನ್ನೊಂದು ಕ್ಯಾಸೆಟ್. ಒಂದೊಂದನ್ನೂ ಹಾಕಿ ಕೇಳಿ, ಮದುವೆಯದಕ್ಕೆ ಕೆಂಪು ಬಣ್ಣದ ಬೊಟ್ಟು, ಭಜನೆಯದಕ್ಕೆ ಬಿಳಿ ಬೊಟ್ಟು ಇಟ್ಟ. ಸುಮಾರು ಒಂದು ವರ್ಷ ಆ ಬೊಟ್ಟುಗಳ ಮೇಲೆ ಎಲ್ಲವೂ ಸರಿಯಾಗಿಯೇ ನಡೆಯಿತು.

ತೊಂಬತ್ತೆಂಟರಲ್ಲಿ ಸಾಸ್ತಾನದ ಒಂದು ದೊಡ್ಡ ಮನೆಯಲ್ಲಿ ಉತ್ತರಕ್ರಿಯೆ, ಊರ ಮಾತಿನಲ್ಲಿ ಬೊಜ್ಜ. ತೀರಿಹೋದವರ ಮಗ ಭೋಜರಾಜ ಶೆಟ್ಟರು ಚಪ್ಪರದೊಳಗೆ ಬಂದು ಒಂದು ಕ್ಯಾಸೆಟ್ ಕೊಟ್ಟರು. "ಅಪ್ಪಯ್ಯಗೆ ಇದ್ರಲ್ಲಿರೋ ಭಜನೆ ಅಂದ್ರೆ ಜೀವ. ಎಡೆ ಇಡುವ ಹೊತ್ತಿಗೆ ಹಾಕ್, ಸಣ್ಣ ಮಾಡಿ" ಎಂದರು. ಕುಷ್ಟ ಅದನ್ನು ಮೇಜಿನ ಮೇಲಿಟ್ಟು ವಯರ್ ಎಳೆಯಲು ಹೋದ. ತಿರುಗಿ ಬರುವಾಗ ಮೇಜಿನ ಮೇಲೆ ಎರಡು ಕ್ಯಾಸೆಟ್ ಇದ್ದವು. ನೆಂಟರ ಪೈಕಿ ಯಾರೋ ತಮ್ಮದೊಂದನ್ನು ಅಲ್ಲೇ ಇಟ್ಟು ಹೋಗಿದ್ದರು. ಎರಡೂ ಮನೆಯಲ್ಲೇ ರೆಕಾರ್ಡ್ ಮಾಡಿದವು. ಎರಡರ ಬಿಳಿ ಪಟ್ಟಿಯ ಮೇಲೂ ನೀಲಿ ಪೆನ್ನಿನಲ್ಲಿ ಬರೆದಿತ್ತು.

ಯಾರನ್ನಾದರೂ ಕೇಳಬಹುದಿತ್ತು. ಪಕ್ಕದಲ್ಲೇ ಹತ್ತು ಜನ ನಿಂತಿದ್ದರು. ಕುಷ್ಟ ಎರಡನ್ನೂ ಕೈಯಲ್ಲಿ ಹಿಡಿದು ಓದುವವನಂತೆ ನೋಡಿ, ಬಲಗೈಯದನ್ನು ಹಾಕಿದ.

ಒಳಗೆ ಎಡೆ ಇಟ್ಟು ಮನೆಯವರೆಲ್ಲ ಕೈಮುಗಿದು ನಿಂತಿದ್ದಾಗ, ಮೊದಲ ರಾತ್ರಿಯ ಮಂಚದ ಮೇಲೆ ಗಂಡುಹೆಣ್ಣು ಚೇಷ್ಟೆ ಮಾಡುವ ಸಿನಿಮಾ ಪದವೊಂದು ಎರಡು ಹಾರ್ನಿನಿಂದ ಇಡೀ ಬೈಲಿಗೆ ಹರಡಿತು. ಗಡಿಬಿಡಿಯಲ್ಲಿ ಅವನು ನಿಲ್ಲಿಸುವ ಗುಂಡಿಯ ಬದಲು ದನಿ ಏರಿಸುವುದನ್ನು ತಿರುಗಿಸಿದ. ನಿಲ್ಲಿಸುವಷ್ಟರಲ್ಲಿ ಎರಡು ಸಾಲು ಹಾಡಾಗಿತ್ತು. ಯಾರೋ ನಕ್ಕರು. ಒಳಗಿಂದ ಒಬ್ಬ ಹೆಂಗಸು ಜೋರಾಗಿ ಅಳುವುದು ಕೇಳಿಸಿತು.

ಭೋಜರಾಜ ಶೆಟ್ಟರು ಹೊರಗೆ ಬಂದರು. ಕೂಗಾಡಲಿಲ್ಲ. ತಣ್ಣಗೆ ಕೇಳಿದರು. "ಅದ್ರ ಮೇಲೆ ಬರ್ದದ್ದ್ ಕಾಣ್ಲಿಲ್ಯಾ ಕುಷ್ಟ? ನಿಂಗೆ ಓದುಕೆ ಬತ್ತಿಲ್ಯಾ?"

ಚಪ್ಪರದ ಜನರೆಲ್ಲ ಅವನನ್ನೇ ನೋಡುತ್ತಿದ್ದರು. ಕುಷ್ಟ ತಲೆ ತಗ್ಗಿಸಿ ಹೇಳಿದ. "ತಪ್ಪಾಯ್ತ್ ಶೆಟ್ರೆ. ಬೆಳಿಗ್ಗೆ ಸ್ವಲ್ಪ ಕುಡ್ದಿದ್ದೆ."

ಅವನು ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಆ ಕ್ಷಣದಲ್ಲಿ ಅಕ್ಷರ ಬಾರದವನಾಗುವುದಕ್ಕಿಂತ ಕುಡುಕನಾಗುವುದೇ ಅವನಿಗೆ ವಾಸಿ ಎನ್ನಿಸಿತು. ಶೆಟ್ಟರು ಅವನನ್ನು ಊಟಕ್ಕೂ ಕರೆಯದೆ ಕಳಿಸಿದರು.

ಸುದ್ದಿ ಅವನಿಗಿಂತ ಮೊದಲೇ ತೆಕ್ಕಟ್ಟೆ ಮುಟ್ಟಿತ್ತು. ಸೀತು ಬಾಗಿಲಲ್ಲೇ ನಿಂತಿದ್ದಳು. "ಹೌದಾ?" ಎಂದಳು. ಕುಷ್ಟ ಹೌದೆಂದ. ಅವಳು ಹತ್ತಿರ ಬಂದು ಅವನ ಬಾಯಿಯ ವಾಸನೆ ನೋಡಿದಳು. ಏನೂ ಇರಲಿಲ್ಲ. "ಆಗಲೇ ಇಳಿತಾ?" ಎಂದಳು. ಅವಳ ಅಪ್ಪ ಕುಡಿದು ಕುಡಿದೇ ಸತ್ತವನು. ಆ ದಿನ ದೇವರ ದೀಪದ ಎದುರು ನಿಲ್ಲಿಸಿ, ಇನ್ನು ಕುಡಿಯುವುದಿಲ್ಲವೆಂದು ಅವನಿಂದ ಆಣೆ ಹಾಕಿಸಿದಳು. ಕುಡಿಯದವನು ಕುಡಿತ ಬಿಡುವ ಆಣೆ ಹಾಕಿದ. ಮುಂದಿನ ತಿಂಗಳಿನಿಂದ ಸೀತು ಪ್ರತಿ ಸಂಕಷ್ಟಿಗೆ ಉಪವಾಸ ಹಿಡಿದಳು. ಚಂದ್ರ ಮೂಡುವ ತನಕ ನೀರು ಬಿಟ್ಟು ಬೇರೇನೂ ಇಲ್ಲ. ಗಂಡ ಮತ್ತೆ ಕುಡಿಯದಿರಲಿ ಎಂದು ಆನೆಗುಡ್ಡೆಯ ಗಣಪತಿಗೆ ಹೇಳಿಕೊಂಡ ಹರಕೆ. ತಿಂಗಳಿಗೊಮ್ಮೆ ಅವಳು ಒಣಗಿದ ತುಟಿಯಲ್ಲಿ ಮನೆಗೆಲಸ ಮಾಡುವುದನ್ನು ಕುಷ್ಟ ನೋಡುತ್ತಿದ್ದ. ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಚಂದ್ರ ಮೂಡಿರುತ್ತಿತ್ತು.

ಆಮೇಲೆ ಅವನಿಗೆ ಬೊಟ್ಟುಗಳ ಮೇಲೂ ನಂಬಿಕೆ ಹೋಯಿತು. ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಪ್ರೇಮಾನಂದನ ಕ್ಯಾಸೆಟ್ ಅಂಗಡಿ. ಅಲ್ಲಿ ಹೋಗಿ, "ಮದಿಗೂ ಆಯ್ಕ್, ಬೊಜ್ಜಕ್ಕೂ ಆಯ್ಕ್, ಮಾತಿಲ್ದಿದ್ದದ್ ಬೇಕ್" ಎಂದ. ಪ್ರೇಮಾನಂದ ಕೊಟ್ಟದ್ದು ಈ ಕೊಳಲಿನ ಕ್ಯಾಸೆಟ್. ಹೊದಿಕೆಯ ಮೇಲೆ ಹಸಿರು ಬಣ್ಣದ ದೋಣಿಯ ಚಿತ್ರ. ಮಾತೇ ಇಲ್ಲದ ಮೇಲೆ ತಪ್ಪು ಮಾತು ಬರುವ ಭಯವಿಲ್ಲ. ಉಳಿದ ಹನ್ನೊಂದನ್ನು ಕಟ್ಟಿ ಅಟ್ಟಕ್ಕೆ ಹಾಕಿದ.

ಮೊದಮೊದಲು ಕಲಿಯುವುದಕ್ಕೆಂದು ಕೇಳಿದ. ಯಾವುದು ಯಾವಾಗ ಶುರುವಾಗುತ್ತದೆ, ಯಾವುದು ಚುರುಕು, ಯಾವುದು ನಿಧಾನ. ಮದುವೆಗೆ ಮೂರನೆಯದು, ಬೊಜ್ಜಕ್ಕೆ ಎರಡನೆಯದು ಎಂದು ಗೊತ್ತುಮಾಡಿಕೊಂಡ. ಆಮೇಲೆ ಕೆಲಸವಿಲ್ಲದ ದಿನವೂ ಮಧ್ಯಾಹ್ನ ಗಂಜಿ ಉಂಡು ಜಗಲಿಯಲ್ಲಿ ಡೆಕ್ ಇಟ್ಟು ಕೇಳತೊಡಗಿದ. ಎರಡನೆಯದರಲ್ಲಿ ದನಿ ಮೇಲೇರುವ ಮೊದಲು ಕೊಳಲಿನವನು ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಐದನೆಯದರ ಕೊನೆಯಲ್ಲಿ ತಬಲಾದವನು ಮೆಲ್ಲಗೆ "ಹಾ" ಎನ್ನುತ್ತಿದ್ದ. ನೂರು ಸಲ ಕೇಳಿದ ಮೇಲೆ ಕೇಳಿಸಿದ ಸಂಗತಿ ಅದು. ಇನ್ನೂರು ಸಲ ಕೇಳಿದ ಮೇಲೆ, ಆ "ಹಾ" ಮೆಚ್ಚುಗೆಯದಲ್ಲ, ಯಾವುದೋ ಪೆಟ್ಟು ತಪ್ಪಿದ್ದಕ್ಕೆ ಬಂದದ್ದು ಎಂದು ಅವನಿಗೆ ಅನ್ನಿಸಿತು. ಅಷ್ಟು ದೊಡ್ಡ ಕಲಾವಿದರೂ ತಪ್ಪುತ್ತಾರೆ, ತಪ್ಪಿಯೂ ಕ್ಯಾಸೆಟ್ ಆಗುತ್ತದೆ ಎಂದು ಸಮಾಧಾನವಾಗುತ್ತಿತ್ತು. ಟೇಪು ಸವೆದು ದನಿ ಅಳುವಂತಾದಾಗ ಪ್ರೇಮಾನಂದನಲ್ಲಿ ಅದನ್ನೇ ಇನ್ನೊಂದು ತರುತ್ತಿದ್ದ. ಅಂಗಡಿಯ ತುಂಬ ಸಿ.ಡಿ. ಬಂದ ಮೇಲೂ ಪ್ರೇಮಾನಂದ ಉಳಿದಿದ್ದ ನಾಲ್ಕು ಪ್ರತಿಗಳನ್ನು ಕುಷ್ಟನಿಗೆಂದೇ ಎತ್ತಿಟ್ಟಿದ್ದ.

ಎರಡು ಸಾವಿರದ ಒಂದರಲ್ಲಿ ಜನಗಣತಿಗೆ ಶಾಲೆಯ ಟೀಚರೊಬ್ಬರು ಮನೆಗೆ ಬಂದರು. "ಓದು ಬರಹ?" ಎಂದು ಕೇಳಿದರು. ಸೀತು ಒಳಗಿಂದಲೇ, "ನಮ್ದ್ ಇಬ್ರದ್ದೂ ಏಳ್" ಎಂದಳು. ಟೀಚರು ಬರೆದುಕೊಂಡರು. ಕುಷ್ಟ ಡೆಕ್ಕಿನ ಧೂಳು ಒರೆಸುತ್ತ ಇದ್ದ.

ಒಂದೇ ಕ್ಯಾಸೆಟ್ಟೆಂದು ಜನ ನಗತೊಡಗಿದರು. ಬುಕಿಂಗ್ ಕಡಿಮೆಯಾಯಿತು. ಚೇತನಾ ಹೈಸ್ಕೂಲಿಗೆ ಹೋಗತೊಡಗಿದಾಗ ಅವಳು ನಡೆದು ಬರುವುದನ್ನು ಕಂಡರೆ ಹುಡುಗಿಯರು ಮೂಗಿನಲ್ಲಿ ಆ ಮೂರನೆಯ ಪದ ಗುನುಗುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪನ ಮೈಕ್ ಹೇಳೋಣವೇ ಎಂದು ಹೆಡ್‌ಮಾಸ್ತರರು ಕೇಳಿದರೆ, "ಬೇಡ ಸರ್, ಅದ್ ಹಾಳಾಯ್ತ್" ಎಂದು ಅವಳೇ ಹೇಳಿ ಬಂದಳು. ಆ ಮಾತು ಕುಷ್ಟನ ಕಿವಿಗೂ ಬಿತ್ತು.  ಆಮೇಲೆ ಅವಳಿಗೇ ಪಾಪ ಅನ್ನಿಸಿ, ಹೊಸ ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದು ಡೆಕ್ಕಿನ ಮೇಲೆ ಇಡತೊಡಗಿದಳು, ಅಪ್ಪ ಕುಂದಾಪುರಕ್ಕೆ ಹೋದಾಗ ತರಲಿ ಎಂದು. ಕುಷ್ಟ ಪ್ರತಿ ಚೀಟಿಯನ್ನೂ ಮಡಚಿ ಅಂಗಿಯ ಕಿಸೆಗೆ ಹಾಕಿ, "ಕಾಂಬ" ಎನ್ನುತ್ತಿದ್ದ.

ಎರಡು ಸಾವಿರದ ಏಳರ ಮಳೆಗಾಲದ ಕೊನೆ. ಕುಷ್ಟ ಬೆಳಿಗ್ಗೆಯೇ ಬಾರ್ಕೂರಿಗೆ ಹೋಗಿದ್ದ. ಹನ್ನೊಂದೂವರೆಗೆ ಮನೆಗೆ ಬಂದರೆ ಯಾರೂ ಇರಲಿಲ್ಲ. ಬಾಗಿಲು ಸುಮ್ಮನೆ ಎಳೆದಿತ್ತು. ಡೆಕ್ಕಿನ ಮೇಲೆ ಚೇತನಾ ಬರೆದ ಚೀಟಿ. ಮತ್ತೆ ಹಾಡುಗಳ ಪಟ್ಟಿ ಎಂದುಕೊಂಡು ಕಿಸೆಗೆ ಹಾಕಿದ. ತಾಯಿ ಮಗಳು ಪಕ್ಕದ ಪ್ರಭಾವತಿಯ ಮನೆಗೆ ಹೋಗಿರಬೇಕು ಎಂದು, ಮುಚ್ಚಿಟ್ಟಿದ್ದ ಗಂಜಿ ಬಡಿಸಿಕೊಂಡು ಉಂಡು, ಕ್ಯಾಸೆಟ್ ಹಾಕಿ ಜಗಲಿಯಲ್ಲಿ ಒರಗಿದ. ಆ ಕಡೆ ಮುಗಿಯಿತು. ತಿರುಗಿಸಿ ಹಾಕಿದ. ಅದೂ ಮುಗಿಯಿತು. ಮತ್ತೆ ಮೊದಲಿನಿಂದ ಹಾಕಿದ.

ನಾಲ್ಕು ಗಂಟೆಗೆ ಚೇತನಾ ಅಂಗಳಕ್ಕೆ ಬಂದಳು. ಲಂಗದ ತುಂಬ ಕೆಸರು. ಕೊಳಲು ಇನ್ನೂ ನುಡಿಯುತ್ತಿತ್ತು.

"ಅಪ್ಪಯ್ಯ, ಚೀಟಿ ಕಂಡಿಲ್ಯಾ?"

"ಕಂಡೆ."

"ಎಲ್ಲಿತ್ತ್?"

ಕುಷ್ಟ ಕಿಸೆಯಿಂದ ತೆಗೆದು ತೋರಿಸಿದ. ಅವಳು ಚೀಟಿಯನ್ನೂ ಅವನನ್ನೂ ನೋಡಿದಳು.  "ಅಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಿದ್ದ್ ಕಾಲ್ ಮುರ್ದಿತ್ತ್. ಕುಂದಾಪ್ರದ ಆಸ್ಪತ್ರೆಗೆ ಬೇಗ ಬನ್ನಿ ಅಂದ್ ಬರ್ದಿದ್ದೆ. ಆಪರೇಷನ್ ಆಯ್ಕಂಬ್ರ್, ನಿಮ್ ಸೈನ್ ಬೇಕಂಬ್ರ್. ಬೆಳಿಗ್ಗಿಂದ ಕಾದ್ ಕಾದ್ ಅಮ್ಮ ಅಳ್ತಾ ಇದ್ರ್. ಇದನ್ನ ಓದಿಯೂ ಪದ ಕೇಂತಾ ಕೂಕಂಡ್ರ್ಯಾ?"

ಕುಷ್ಟ ಎದ್ದು ಡೆಕ್ ನಿಲ್ಲಿಸಿದ. ಕುಡಿದಿದ್ದೆ ಎಂಬ ಮಾತು ಈಗಲೂ ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ಮಗಳು ನಂಬುತ್ತಿದ್ದಳು, ಅವಳಿಗೆ ಸಾಸ್ತಾನದ ಕಥೆ ಗೊತ್ತಿತ್ತು. ಆದರೆ ಆಸ್ಪತ್ರೆಯ ಮಂಚದಲ್ಲಿ ಮಲಗಿದವಳಿಗೆ ಆ ಮಾತು ಮುಟ್ಟಿದರೆ ಏನಾಗಬಹುದೆಂದು ಎಣಿಸಿ ಅದನ್ನು ಬಿಟ್ಟ.

"ಓದಿಲ್ಲೆ ಮಗಾ" ಎಂದ. "ನಂಗೆ ಓದುಕೆ ಬತ್ತಿಲ್ಲೆ."

"ನನ್ ಅಕ್ಷರ ಅಷ್ಟ್ ಹಾಳಾ?"

"ನಿಂದ್ ಅಂತಲ್ಲ. ಯಾರದ್ದೂ ಬತ್ತಿಲ್ಲೆ. ಒಂದ್ ಅಕ್ಷರವೂ ಬತ್ತಿಲ್ಲೆ."

 ಚೇತನಾ ಒಳಗೆ ಹೋಗಿ ಅಮ್ಮನ ಸೀರೆ, ಚೊಂಬು, ಬೆಡ್‌ಶೀಟು ಚೀಲಕ್ಕೆ ತುಂಬಿದಳು. ರಸ್ತೆಯವರೆಗೆ ಅವಳು ಮುಂದೆ, ಅವನು ಹಿಂದೆ. ಬಸ್ಸಿನಲ್ಲೂ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಆಸ್ಪತ್ರೆಯಲ್ಲಿ ನರ್ಸ್ ಒಂದು ಕಾಗದ ಮುಂದಿಟ್ಟು, "ಓದಿ ಸೈನ್ ಮಾಡಿ" ಎಂದಳು. ಚೇತನಾ ಕಾಗದ ತೆಗೆದುಕೊಂಡು, ಯಾರೂ ಕೇಳದೆ ಇದ್ದರೂ, ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಅಪ್ಪನ ಕಿವಿಯಲ್ಲಿ ಓದಿದಳು. ಅವನು ತನ್ನ ಹೆಸರು ಬಿಡಿಸಿದ.

ಆಪರೇಷನ್ ಆಗಿ ಎರಡನೆಯ ದಿನ, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಸೀತುವಿಗೆ ಅವನೇ ಹೇಳಿದ. ಪ್ರಭಾವತಿ ಚಾ ತರಲು ಹೋಗಿದ್ದಳು. ಸೀತು ಎಲ್ಲ ಕೇಳಿದಳು. ಮೊದಲು ಕೇಳಿದ ಪ್ರಶ್ನೆ ಇದು. "ಹಂಗಾರೆ ಆ ದಿನ ಸಾಸ್ತಾನದಲ್ಲಿ ನೀವ್ ಕುಡ್ದಿರ್ಲಿಲ್ಯಾ?"

"ಇಲ್ಲೆ."

"ಒಂಬತ್ ವರ್ಷ ನಾನ್ ಉಪಾಸ ಬಿದ್ದೆ."

 ಸೀತು ಇನ್ನೂ ಏನೋ ಲೆಕ್ಕ ಹಾಕುತ್ತಿದ್ದವಳಂತೆ ಮೇಲಿನ ಸೂರು ನೋಡುತ್ತಿದ್ದಳು. ತಟ್ಟನೆ ಅವಳ ಮುಖ ಬದಲಾಯಿತು. "ಬೊಂಬಾಯಿಗೆ ನಾನ್ ಕಾಗ್ದ ಬರಿತಿದ್ನಲ್ಲ. ಅದನ್ನ ಯಾರ್ ಓದ್ತಿದ್ದದ್ದ್?"

"ಗಲ್ಲೆಯಲ್ಲಿದ್ದ ರಾಜೀವ."

ಸೀತು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಎಂತೆಲ್ಲ ಬರ್ದಿದ್ದೆ ನಾನ್" ಎಂದಳು ಸೆರಗಿನೊಳಗಿಂದ.  ಇಷ್ಟು ವರ್ಷ ಮುಚ್ಚಿಟ್ಟಿದ್ದು ತನ್ನ ಮರ್ಯಾದೆ ಎಂದುಕೊಂಡಿದ್ದ ಕುಷ್ಟನಿಗೆ, ಹೆಂಡತಿಯ ಮರ್ಯಾದೆಯನ್ನು ಪರರ ಕೈಗೆ ಕೊಟ್ಟು ಕೂತಿದ್ದೆ ಎಂದು ಮೊದಲ ಸಲ ತಿಳಿಯಿತು. ಅಲ್ಲಿ ಕೂರಲಾರದೆ ವರಾಂಡದಲ್ಲಿ ಹೋಗಿ ನಿಂತ.

ಮನೆಗೆ ಬಂದ ಮೇಲೆ ಸೀತು ಬೇಕಾದಷ್ಟೇ ಮಾತಾಡುತ್ತಿದ್ದಳು. ನೀರು, ಔಷಧಿ, ಕೋಲು. ಅವನು ಕ್ಯಾಸೆಟ್ ಹಾಕಲಿಲ್ಲ. ಹಾಕಲು ಹೋದರೆ, ಕೆಸರಾದ ಲಂಗದಲ್ಲಿ ಚೇತನಾ ಅಂಗಳದಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸೀತು ಕೇಳಿದಳು. "ಆ ಕಾಗ್ದ ಎಲ್ಲ ಎಂತ ಮಾಡಿದ್ರಿ?"

ಅವನು ಅಟ್ಟ ಹತ್ತಿ ಬಿಸ್ಕತ್ತಿನ ಡಬ್ಬಿ ತಂದ. ಅವಳು ಬರೆದ ಐವತ್ತೆಂಟು ಇನ್‌ಲ್ಯಾಂಡ್ ಕಾಗದವೂ ಅದರಲ್ಲಿತ್ತು. ಓದಲಾಗದಿದ್ದರೂ ಒಂದನ್ನೂ ಬಿಸಾಡಿರಲಿಲ್ಲ. ಸೀತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಗದಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಹೇಳಿದಳು. "ನಿಮಗ್ ಬರ್ದದ್ದ್ ನೀವೇ ಓದ್ಕ್."

ಪ್ಲಾಸ್ಟರು ಕಟ್ಟಿದ ಕಾಲಿನ ಹೆಂಡತಿ ಜಗಲಿಯಲ್ಲಿ ಕೂತು, ನಲವತ್ತು ದಾಟಿದ ಗಂಡನಿಗೆ ಸ್ಲೇಟಿನಲ್ಲಿ ಅಕ್ಷರ ತಿದ್ದಿಸಿದಳು. ಯಾರಾದರೂ ಅಂಗಳಕ್ಕೆ ಕಾಲಿಟ್ಟರೆ ಕುಷ್ಟ ಸ್ಲೇಟನ್ನು ಚಾಪೆಯಡಿಗೆ ತಳ್ಳುತ್ತಿದ್ದ. 'ಪ' ಈಗಲೂ 'ವ' ಆಗುತ್ತಿತ್ತು. ಸೀತು ನಗಲಿಲ್ಲ, ಹೊಗಳಲೂ ಇಲ್ಲ. "ಮತ್ತೊಂದ್ಸಲ" ಎನ್ನುತ್ತಿದ್ದಳು. ಅವನಿಗೆ ಒಂದು ಶಬ್ದ ಕೂಡಿಸಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಅವಳು ಒಂದು ತೆಂಗಿನ ಗರಿಯ ಕಡ್ಡಿ ಕೀಸಿ ಮುಗಿಸುತ್ತಿದ್ದಳು. ಅಕ್ಷರ ಕೂಡಿ ಬರುವಷ್ಟಾದಾಗ ಒಮ್ಮೆ ಕ್ಯಾಸೆಟ್ಟಿನ ಹೊದಿಕೆ ಹಿಡಿದು ಓದಿದ. ಬೊಜ್ಜದ ಮನೆಗಳಲ್ಲಿ ಹಾಕುತ್ತಿದ್ದ ಎರಡನೆಯದರ ಎದುರು 'ಜೋಗುಳ' ಎಂದು ಬರೆದಿತ್ತು. ಸತ್ತವರ ಎಡೆಯ ಎದುರು ಇಷ್ಟು ವರ್ಷ ತೊಟ್ಟಿಲ ಪದ ನುಡಿಸಿದೆನಲ್ಲ ಎಂದು ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಚೇತನಾಳಿಗೆ ಹೇಳಿದ. ಅವಳು, "ಯಾರಿಗೂ ಗೊತ್ತಾಗ್ಲಿಲ್ಲ ಅಪ್ಪಯ್ಯ. ಚಂದ ಇತ್ತಲ್ಲ" ಎಂದಳು.

ಮೊದಲ ಕಾಗದ ಓದಿ ಮುಗಿಸಲು ಒಂದು ವರ್ಷ ಹಿಡಿಯಿತು. ಆಮೇಲೆ ಸ್ವಲ್ಪ ಬೇಗ. ಏಳನೆಯ ಕಾಗದದಲ್ಲಿ, ಅತ್ತೆಯ ಕೆಮ್ಮು, ದನದ ಕರು ಎಲ್ಲ ಆದ ಮೇಲೆ, ಹೀಗಿತ್ತು: "ನಿಮ್ಮ ಒಂದು ಅಂಗಿ ಇಲ್ಲೇ ಉಳಿದಿದೆ. ನಾನು ಅದನ್ನು ಒಗೆದಿಲ್ಲ. ತಲೆಯಡಿ ಇಟ್ಟುಕೊಂಡು ಮಲಗುತ್ತೇನೆ."

ಕುಷ್ಟ ಬೆರಳಿಟ್ಟು ಎರಡು ಸಲ ಓದಿದ. ಸೀತು ಮುಖ ಆಚೆ ಮಾಡಿದ್ದಳು.

"ಸೀತು, ಈ ಸಾಲ್ ರಾಜೀವ ಓದಲೇ ಇಲ್ಲೆ."

"ಸುಮ್ನೆ ಹೇಳ್ಬೇಡಿ."

"ಆಣೆ. ಕರುವಿನ್ ಸುದ್ದಿ ಓದ್ದ, ಅದಾದ್ ಮೇಲೆ 'ಇತಿ ನಿಮ್ಮ ಸೀತು' ಅಂದ. ನಡುವೆ ಎಂತದ್ದೂ ಇಲ್ಲೆ. ಕೇಂಡಿದ್ರೆ ನಂಗೆ ಮರಿತಿತ್ತಾ?"

ಅವನಿಗೆ ಕೇಳಿದ್ದು ಮರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆಮೇಲಿನ ಕಾಗದಗಳಲ್ಲೂ ಅಂಥ ಸಾಲು ಸಿಕ್ಕಲ್ಲೆಲ್ಲ ನಿಲ್ಲಿಸಿ ಅದನ್ನೇ ಹೇಳಿದ. ರಾಜೀವ ಅಂಥದ್ದೆಲ್ಲ ಬಿಟ್ಟು ಓದಿದ್ದ. ಅವನು ಕಣ್ಣಿನಲ್ಲಿ ಓದಿಯೇ ಬಿಟ್ಟಿರಬೇಕು, ಅದು ಸೀತುವಿಗೂ ಗೊತ್ತು. ಆದರೂ ಬಾಯಲ್ಲಿ ಆಡಲಿಲ್ಲವಲ್ಲ ಎಂಬಷ್ಟಕ್ಕೇ ಅವಳ ಎದೆಯ ಭಾರ ಅರ್ಧ ಇಳಿಯಿತು. "ಮುಂದಿಂದ್ ಓದಿ" ಎಂದಳು. ಏಳನೆಯ ಕಾಗದ ಓದಿದ ವಾರದಿಂದಲೇ ಅವಳು ಅವನೊಂದಿಗೆ ಮೊದಲಿನಂತೆ ಮಾತಾಡತೊಡಗಿದಳು.

ಸಾಸ್ತಾನಕ್ಕೆ ಹೋಗಿ ಭೋಜರಾಜ ಶೆಟ್ಟರಿಗೆ ನಿಜ ಹೇಳಿ ಬನ್ನಿ ಎಂದು ಸೀತು ಎರಡು ಮೂರು ಸಲ ಹೇಳಿದಳು. ಒಮ್ಮೆ ಅವನು ಹೋದ. ಬಸ್ಸಿಳಿದು, ಹೋಟೆಲಿನಲ್ಲಿ ಚಾ ಕುಡಿದು, ಅರ್ಧ ಗಂಟೆ ಕೂತು, ತಿರುಗಿ ಬರುವ ಬಸ್ಸು ಹತ್ತಿದ. ಶೆಟ್ಟರು ಮನೆಯಲ್ಲಿರಲಿಲ್ಲ ಎಂದು ಸೀತುವಿಗೆ ಹೇಳಲು ಹೊರಟವನು, ಹೇಳದೆ, "ಧೈರ್ಯ ಬರ್ಲಿಲ್ಲೆ" ಎಂದ. ಅವಳು ಮತ್ತೆ ಒತ್ತಾಯಿಸಲಿಲ್ಲ. ಇನ್ನೂ ಅವನು ಹೋಗಿಲ್ಲ.

ಮೈಕ್ ಸೆಟ್ಟನ್ನು ಎರಡು ಸಾವಿರದ ಹನ್ನೊಂದರಲ್ಲಿ ಕೊಟ್ಟುಬಿಟ್ಟ. ಡೆಕ್ ಮಾತ್ರ ಇಟ್ಟುಕೊಂಡ. ಚೇತನಾ ಕುಂದಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಗ ಕೊಳಲಿನ ಆ ಆರು ಪದಗಳನ್ನೂ ಮೊಬೈಲಿಗೆ ಹಾಕಿಕೊಂಡಳು, ತನಗೆಂದೇ. ಕುಷ್ಟ ಈಗ ಒಂದು ಮದುವೆ ಹಾಲ್‌ನಲ್ಲಿ ಲೈಟು, ಪಾತ್ರೆ, ಕುರ್ಚಿ ನೋಡಿಕೊಳ್ಳುತ್ತಾನೆ. ಹಾಲ್‌ನ ಎದುರು ಹಾಕುವ ಗಂಡುಹೆಣ್ಣಿನ ಹೆಸರಿನ ಬೋರ್ಡನ್ನು ನಿಧಾನಕ್ಕೆ ಓದಬಲ್ಲ. ಆದರೂ ನಾಲ್ಕು ಜನರ ನಡುವೆ ಯಾರಾದರೂ ಒಂದು ಕಾಗದ ಕೈಗೆ ಕೊಟ್ಟರೆ ಕಿವಿ ಬಿಸಿಯಾಗುತ್ತದೆ, ಅಕ್ಷರಗಳು ಕಲಸಿಹೋಗುತ್ತವೆ. "ಕನ್ನಡಕ ತರ್ಲಿಲ್ಲೆ ಮರಾಯ್ರೆ, ನೀವೇ ಓದಿ" ಎನ್ನುತ್ತಾನೆ. ಕನ್ನಡಕ ಅವನ ಅಂಗಿಯ ಕಿಸೆಯಲ್ಲೇ ಇರುತ್ತದೆ. ಪಕ್ಕದಲ್ಲಿ ಸೀತು ಇದ್ದರೆ ಅದು ಅವಳಿಗೆ ಕಾಣುತ್ತದೆ. ಅವಳು ಬೇರೆ ಕಡೆ ನೋಡುತ್ತಾಳೆ.